ಬಯೋಮೆಡಿಕಲ್ ಎಂ.ಎಸ್ಸಿ. ಎಲ್ಲಿ ಮಾಡೋದು: ಮೆಡಿಕಲ್ ಕಾಲೇಜು, ಯೂನಿವರ್ಸಿಟಿ, ಇಲ್ಲಾ ವಿದೇಶ?

"ಇದು ಮುಗಿಸಿದ್ರೆ ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕ್ಕೋಬಹುದೇನಮ್ಮ?"

ಅರಸೀಕೆರೆಯಿಂದ ನಮ್ಮ ಸೋದರಮಾವ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ ಇದು. ಅವರ ಮಗಳು ಆಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ನೀಟ್ ಎರಡು ಸಲ ಬರೆದು ಸೀಟು ಸಿಗದೆ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ತೆಗೆದುಕೊಂಡಿದ್ದಳು. ಮಾವ ಕೊಬ್ಬರಿ ವ್ಯಾಪಾರದವರು. ಹಾಕಿದ ದುಡ್ಡಿಗೆ ಏನು ಬರುತ್ತದೆ ಎಂದು ನೇರವಾಗಿ ಕೇಳುವುದು ಅವರ ಅಭ್ಯಾಸ. ಎಂ.ಎಸ್ಸಿ. ಮಾಡಿದರೆ ಹಾಕಿಕೊಳ್ಳಲು ಆಗುವುದಿಲ್ಲ, ಪಿಎಚ್‌.ಡಿ. ಮಾಡಿದರೆ ಆಗುತ್ತದೆ, ಆದರೆ ಅದು ಮಾತ್ರೆ ಬರೆಯೋ ಡಾಕ್ಟರ್ ಅಲ್ಲ ಮಾವ, ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಮತ್ತೆ ಏನ್ ಮಾಡ್ತಾರೆ ಇವರು?"

ಅದಕ್ಕೆ ಉತ್ತರ ಒಂದು ಫೋನಿನಲ್ಲಿ ಮುಗಿಯಲಿಲ್ಲ. ನಾನು ಮೆಡಿಕಲ್ ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದವಳು. ಕೆಲವು ವರ್ಷ ಎಂಬಿಬಿಎಸ್ ಮಕ್ಕಳಿಗೆ ಪಾಠ ಮಾಡಿ, ಈಗ ಬೆಂಗಳೂರಿನ ಒಂದು ಡಯಾಗ್ನೊಸ್ಟಿಕ್ ಲ್ಯಾಬಿನಲ್ಲಿದ್ದೇನೆ. ಇಂಟರ್ನ್‌ಶಿಪ್ ಕೇಳಿಕೊಂಡು ಬರುವ ಹುಡುಗ ಹುಡುಗಿಯರನ್ನು ಮಾತಾಡಿಸುವ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಅವರಲ್ಲಿ ಬಹಳಷ್ಟು ಜನ ಕೋರ್ಸಿನ ಹೆಸರು ನೋಡಿ ಸೇರಿರುತ್ತಾರೆ, ಒಳಗೆ ಏನಿದೆ ಎಂದು ನೋಡಿರುವುದಿಲ್ಲ. ನಾನೂ ಹಾಗೇ ಸೇರಿದವಳು, ಅದಕ್ಕೇ ಬೇಗ ಗೊತ್ತಾಗುತ್ತದೆ.

ಹೆಸರಿನ ಗೊಂದಲ

ಮೊದಲು ಒಂದು ಮಾತು. ಬಯೋಮೆಡಿಕಲ್ ಎಂಜಿನಿಯರಿಂಗ್ ಬೇರೆ, ಬಯೋಮೆಡಿಕಲ್ ಸೈನ್ಸ್ ಬೇರೆ. ಎಂಜಿನಿಯರಿಂಗ್ ಅಂದರೆ ವೆಂಟಿಲೇಟರ್, ಇಸಿಜಿ, ಸ್ಕ್ಯಾನಿಂಗ್ ಯಂತ್ರಗಳ ಓದು. ಸೈನ್ಸ್ ಅಂದರೆ ಕಾಯಿಲೆ ಜೀವಕೋಶದ ಒಳಗೆ ಹೇಗೆ ಶುರುವಾಗುತ್ತದೆ, ಅದನ್ನು ರಕ್ತದಲ್ಲೋ ಜೀನ್‌ನಲ್ಲೋ ಹೇಗೆ ಹಿಡಿಯುವುದು, ಔಷಧಿ ಎಲ್ಲಿಗೆ ಹೋಗಿ ಕೆಲಸ ಮಾಡುತ್ತದೆ ಎನ್ನುವ ಓದು. ಎರಡೂ ಒಂದೇ ಎಂದುಕೊಂಡು ಅರ್ಜಿ ಹಾಕಿದವರನ್ನು ನೋಡಿದ್ದೇನೆ.

ನಮ್ಮ ದೇಶದಲ್ಲಿ 'ಬಯೋಮೆಡಿಕಲ್ ಸೈನ್ಸ್' ಎನ್ನುವ ಹೆಸರಿನಲ್ಲೇ ಎಂ.ಎಸ್ಸಿ. ಕೊಡುವ ಜಾಗ ಕಡಿಮೆ. ದೆಹಲಿ ವಿಶ್ವವಿದ್ಯಾಲಯದ ಡಾ. ಬಿ.ಆರ್. ಅಂಬೇಡ್ಕರ್ ಬಯೋಮೆಡಿಕಲ್ ರಿಸರ್ಚ್ ಸೆಂಟರ್ ಹೆಸರುವಾಸಿ. ಉಳಿದ ಕಡೆ ಇದೇ ಓದು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ: ಮೆಡಿಕಲ್ ಬಯೋಕೆಮಿಸ್ಟ್ರಿ, ಮೆಡಿಕಲ್ ಮೈಕ್ರೋಬಯಾಲಜಿ, ಹ್ಯೂಮನ್ ಜೆನೆಟಿಕ್ಸ್, ಮಾಲಿಕ್ಯುಲರ್ ಬಯಾಲಜಿ, ಬಯೋಟೆಕ್ನಾಲಜಿ.

ಹೆಸರು ಮುಖ್ಯವಲ್ಲ ಅಂತ ನಾನೇ ಹೇಳುತ್ತಿದ್ದೆ. ಒಂದು ಜಾಗದಲ್ಲಿ ಮಾತ್ರ ಅದು ತುಂಬಾ ಮುಖ್ಯ. ಸರ್ಕಾರಿ ಡಿಗ್ರಿ ಕಾಲೇಜಿನ ಅಧ್ಯಾಪಕರ ಹುದ್ದೆಗೆ ಅರ್ಜಿ ಕರೆಯುವಾಗ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರ ಎಂದು ವಿಷಯವಾರು ಕರೆಯುತ್ತಾರೆ. ಮಾರ್ಕ್ಸ್ ಕಾರ್ಡ್ ಮೇಲೆ ಹೊಸ ಥರದ ಹೆಸರಿದ್ದರೆ ಅದು ಇದಕ್ಕೆ ಸಮ ಎಂದು ಸಾಬೀತು ಮಾಡುತ್ತಾ ಓಡಾಡಬೇಕಾಗುತ್ತದೆ. ಲೆಕ್ಚರರ್ ಆಗುವ ಆಸೆ ಇದ್ದರೆ ಹಳೆಯ, ಸಾದಾ ಹೆಸರಿನ ಎಂ.ಎಸ್ಸಿ. ಒಳ್ಳೆಯದು. ಕಂಪನಿಗೆ, ರಿಸರ್ಚಿಗೆ ಹೋಗುವವರಿಗೆ ಈ ತಲೆನೋವಿಲ್ಲ.

ಮೆಡಿಕಲ್ ಕಾಲೇಜಿನ ಮೂರು ವರ್ಷ

ಮೆಡಿಕಲ್ ಕಾಲೇಜುಗಳಲ್ಲಿ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಫಾರ್ಮಕಾಲಜಿ, ಮೈಕ್ರೋಬಯಾಲಜಿ ಎಂಬ ಐದು ವಿಷಯಗಳಲ್ಲಿ ಎಂ.ಎಸ್ಸಿ. ಇರುತ್ತದೆ. ಇದನ್ನು 'ಎಂ.ಎಸ್ಸಿ. ಮೆಡಿಕಲ್' ಎನ್ನುತ್ತಾರೆ. ಸಾಮಾನ್ಯವಾಗಿ ಮೂರು ವರ್ಷ. ಮೊದಲ ವರ್ಷ ಎಂಬಿಬಿಎಸ್ ಮಕ್ಕಳು ಓದುವ ಮೂಲ ವಿಷಯಗಳನ್ನೇ ಓದಬೇಕು. ಡಿಸೆಕ್ಷನ್ ಹಾಲಿನ ಫಾರ್ಮಲಿನ್ ವಾಸನೆಯೂ ಅದರಲ್ಲಿ ಸೇರಿದೆ. ಉಳಿದ ಎರಡು ವರ್ಷ ನಿಮ್ಮ ವಿಷಯ.

ಇದರ ಲಾಭ ದೊಡ್ಡದು, ಅದನ್ನು ಸುಮ್ನೆ ತಳ್ಳಿಹಾಕಬಾರದು. ಆಸ್ಪತ್ರೆ ಪಕ್ಕದಲ್ಲೇ ಇರುತ್ತದೆ. ಲಿವರ್ ಕೆಟ್ಟ ರೋಗಿಯ ರಕ್ತದಲ್ಲಿ ಬಿಲಿರುಬಿನ್ ಏರುತ್ತದೆ ಎಂದು ಪುಸ್ತಕದಲ್ಲಿ ಓದಿದ ದಿನವೇ, ಹಳದಿ ಬಣ್ಣದ ಸೀರಮ್ ಟ್ಯೂಬು ನಿಮ್ಮ ಕೈಗೆ ಬರುತ್ತದೆ. ದೇಹವನ್ನು ಒಟ್ಟಾಗಿ ನೋಡುವ ಕಣ್ಣು ಇಲ್ಲಿ ಬರುತ್ತದೆ. ಎರಡು ವರ್ಷ ಬರೀ ಜೀನ್, ಪ್ರೋಟೀನ್ ಓದಿದವರಿಗೆ ಕಿಡ್ನಿ ಎಲ್ಲಿದೆ ಎಂದರೆ ತಡವರಿಸುವುದುಂಟು. ತಮಾಷೆಗೆ ಹೇಳುತ್ತಿಲ್ಲ.

ಈಗ ಕಷ್ಟದ ಕಡೆಗೆ ಬರೋಣ. ಈ ಕೋರ್ಸಿನ ಮುಖ್ಯ ಬಾಗಿಲು ಮೆಡಿಕಲ್ ಕಾಲೇಜಿನ ಪಾಠದ ಕೆಲಸ. ಆ ಬಾಗಿಲಿನ ಬೀಗದ ಕೈ ನಿಮ್ಮ ಹತ್ತಿರ ಇಲ್ಲ, ದೆಹಲಿಯಲ್ಲಿದೆ. ಎಂಬಿಬಿಎಸ್ ಓದದ ಬೋಧಕರನ್ನು ಇಂತಿಷ್ಟು ಪಾಲು ತೆಗೆದುಕೊಳ್ಳಬಹುದು ಎಂದು ಮೊದಲು ನಿಯಮವಿತ್ತು. ಅನಾಟಮಿ, ಫಿಸಿಯಾಲಜಿಯಂಥ ವಿಭಾಗಗಳಲ್ಲಿ ಅದು 30 ಶೇಕಡಾ. 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದು ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯಲ್ಲಿ ಅದನ್ನು 15ಕ್ಕೆ ಇಳಿಸಿತು. ಮೈಕ್ರೋಬಯಾಲಜಿ, ಫಾರ್ಮಕಾಲಜಿಯಲ್ಲಿ ಪೂರ್ತಿ ತೆಗೆದುಹಾಕಿತು. ನಾನು ಆಗ ಟ್ಯೂಟರ್ ಆಗಿದ್ದೆ. ಸ್ಟಾಫ್ ರೂಮಿನಲ್ಲಿ ಆ ಸುತ್ತೋಲೆಯನ್ನು ಮೊಬೈಲಿನಲ್ಲಿ ಓದಿದ್ದು, ಕಾಫಿ ಹಾಗೇ ಆರಿಹೋಗಿದ್ದು, ಎರಡೂ ನೆನಪಿದೆ. ಮೈಕ್ರೋಬಯಾಲಜಿಯ ಗೆಳತಿಗೆ ಹನ್ನೊಂದು ವರ್ಷದ ಅನುಭವವಿತ್ತು. ಅವಳಿಗಿಂತ ಚಿಕ್ಕವರು ಅವಳ ಮೇಲಿನ ಹುದ್ದೆಗೆ ಬಂದು ಕೂತರು.

2025ರ ಜುಲೈನಲ್ಲಿ ಹೊಸ ನಿಯಮ ಬಂತು. ಎಂ.ಎಸ್ಸಿ. ಜೊತೆಗೆ ಪಿಎಚ್‌.ಡಿ. ಇದ್ದವರು ಈಗ ಐದೂ ವಿಷಯಗಳಲ್ಲಿ ಮತ್ತೆ ಅರ್ಹರು. ಒಳ್ಳೆಯ ಸುದ್ದಿಯೇ. ಆದರೆ ಬರೀ ಎಂ.ಎಸ್ಸಿ. ಸಾಲದು ಎನ್ನುವುದನ್ನು ಗಮನಿಸಿ. ಮೂರು ವರ್ಷಕ್ಕೆ ಪಿಎಚ್‌.ಡಿ.ಯ ನಾಲ್ಕೈದು ವರ್ಷ ಸೇರಿಸಿ ಲೆಕ್ಕ ಹಾಕಿ. ಒಂದು ಸಲ ಬದಲಾದ ನಿಯಮ ಇನ್ನೊಂದು ಸಲ ಬದಲಾಗುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ, ಅಲ್ವಾ?

ಇನ್ನೊಂದು ಬಾಗಿಲು ಆಸ್ಪತ್ರೆ ಲ್ಯಾಬು. ಅಲ್ಲೂ ಒಂದು ಹಳೆಯ ಜಗಳವಿದೆ: ರಿಪೋರ್ಟಿಗೆ ಸಹಿ ಯಾರದು? ಪೆಥಾಲಜಿ ರಿಪೋರ್ಟಿಗೆ ಪಿ.ಜಿ. ಮಾಡಿದ ನೋಂದಾಯಿತ ವೈದ್ಯರ ಸಹಿ ಬೇಕು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿತು. ಹಾಗಾಗಿ ಸ್ವಂತ ಲ್ಯಾಬ್ ಇಡುತ್ತೇನೆ ಎನ್ನುವ ಕನಸಿನಲ್ಲಿ ಈ ಕೋರ್ಸಿಗೆ ಬರಬೇಡಿ. ನಮ್ಮ ಮಾವನ ಮನಸ್ಸಿನಲ್ಲಿ ಅದೇ ಇತ್ತು. ಬಸ್ ಸ್ಟ್ಯಾಂಡ್ ಹತ್ತಿರ ಮಳಿಗೆಯನ್ನೂ ನೋಡಿಟ್ಟಿದ್ದರಂತೆ.

ಯೂನಿವರ್ಸಿಟಿಯ ಎರಡು ವರ್ಷ

ಮೈಸೂರು, ಧಾರವಾಡ, ಮಂಗಳೂರು, ಕುವೆಂಪು, ಬೆಂಗಳೂರು, ದಾವಣಗೆರೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬಯೋಕೆಮಿಸ್ಟ್ರಿಯೋ ಮೈಕ್ರೋಬಯಾಲಜಿಯೋ ಬಯೋಟೆಕ್ನಾಲಜಿಯೋ, ಯಾವುದಾದರೂ ಒಂದು ಇದ್ದೇ ಇದೆ. ಫೀಸು ಕಡಿಮೆ. ಸರ್ಕಾರಿ ಹಾಸ್ಟೆಲ್ ಸಿಕ್ಕರೆ ಖರ್ಚು ಇನ್ನೂ ಕಡಿಮೆ. ಮಧ್ಯಮ ವರ್ಗದ ಮನೆಗೆ ಇದಕ್ಕಿಂತ ಕಡಿಮೆ ಅಪಾಯದ ದಾರಿ ಇಲ್ಲ.

ಹೊರರಾಜ್ಯಕ್ಕೆ ಹೋಗುವ ಮನಸ್ಸಿದ್ದರೆ ಮೂರು ಪರೀಕ್ಷೆಗಳ ಹೆಸರು ಗೊತ್ತಿರಲಿ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ. ಕೇಂದ್ರ ಸರ್ಕಾರದ ಬಯೋಟೆಕ್ನಾಲಜಿ ಇಲಾಖೆ ನೆರವು ಕೊಡುವ ಎಂ.ಎಸ್ಸಿ. ಕೋರ್ಸುಗಳಿಗೆ ಗ್ಯಾಟ್-ಬಿ. ಐಐಟಿಗಳಿಗೆ ಜ್ಯಾಮ್. ಗ್ಯಾಟ್-ಬಿ ಮೂಲಕ ಹೋದರೆ ಓದುವಾಗಲೇ ತಿಂಗಳಿಗೆ ಸ್ವಲ್ಪ ಹಣ ಬರುತ್ತದೆ. ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಈ ಪರೀಕ್ಷೆಯ ಹೆಸರು ಕೇಳಿದವರು ಕಡಿಮೆ, ಅದೇ ಬೇಜಾರು. ಜ್ಯಾಮ್ ಫೆಬ್ರವರಿಯಲ್ಲಿ ನಡೆಯುತ್ತದೆ, ಅರ್ಜಿ ಹಿಂದಿನ ವರ್ಷವೇ ಮುಗಿದುಹೋಗಿರುತ್ತದೆ. ಅದರ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಪಿಯುಸಿ ಮಟ್ಟದ ಗಣಿತ, ಭೌತಶಾಸ್ತ್ರವೂ ಇರುತ್ತದೆ. ಡಿಗ್ರಿಯಲ್ಲಿ ಗಣಿತ ಬಿಟ್ಟು ಮೂರು ವರ್ಷ ಆದವರು ಇಲ್ಲಿ ಎಡವುತ್ತಾರೆ. ಹಳೆಯ ಪಿಯುಸಿ ಪುಸ್ತಕ ಎಸೆಯಬೇಡಿ.

ಕರ್ನಾಟಕದವರಿಗೆ ಇನ್ನೊಂದು ಸಣ್ಣ ಗಂಟು ಇದೆ. 2021-22ರಲ್ಲಿ ಶುರುವಾದ ನಾಲ್ಕು ವರ್ಷದ ಡಿಗ್ರಿಯನ್ನು ಸರ್ಕಾರ 2024-25ರಿಂದ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂತು. ನಡುವಿನ ಬ್ಯಾಚುಗಳಲ್ಲಿ ನಾಲ್ಕನೇ ವರ್ಷ ಆನರ್ಸ್ ಮುಗಿಸಿದವರಿಗೆ, ಒಂದೇ ವರ್ಷದ ಎಂ.ಎಸ್ಸಿ. ಇರುವ ಕಡೆ ಒಂದು ವರ್ಷ ಉಳಿಯುತ್ತದೆ. ಆ ಬ್ಯಾಚಿನವರಾದರೆ ಅರ್ಜಿ ಹಾಕುವ ಮೊದಲು ಇದನ್ನು ವಿಚಾರಿಸಿ.

ಎಂ.ಎಸ್ಸಿ. ಮುಗಿದ ಮೇಲೆ ಸಿಎಸ್‌ಐಆರ್ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಪಿಎಚ್‌.ಡಿ.ಗೆ ಅಪ್ಪನ ಹತ್ತಿರ ಕೈಚಾಚುವ ಕೆಲಸವಿಲ್ಲ. ಸಾಮಾನ್ಯ ವರ್ಗಕ್ಕೆ ಎಂ.ಎಸ್ಸಿ.ಯಲ್ಲಿ ಶೇ 55 ಅಂಕ ಬೇಕು, ಅದೊಂದು ನೆನಪಿರಲಿ.

ರಿಸರ್ಚೇ ಬೇಕು ಎನ್ನುವವರಿಗೆ

ಬಿ.ಎಸ್ಸಿ. ಮುಗಿಯುವಾಗಲೇ ಮನಸ್ಸು ಗಟ್ಟಿಯಾಗಿದ್ದರೆ ಎಂ.ಎಸ್ಸಿ. ಪ್ರತ್ಯೇಕವಾಗಿ ಮಾಡಬೇಕಾಗಿಲ್ಲ. ಇಂಟಿಗ್ರೇಟೆಡ್ ಪಿಎಚ್‌.ಡಿ. ಎಂದು ಇದೆ. ಬೆಂಗಳೂರಿನ ಐಐಎಸ್‌ಸಿ, ಜಕ್ಕೂರಿನ ಜವಾಹರಲಾಲ್ ನೆಹರೂ ಸೆಂಟರ್, ಜಿಕೆವಿಕೆ ಆವರಣದ ಎನ್‌ಸಿಬಿಎಸ್, ಈ ಮೂರೂ ಸಂಶೋಧನಾ ಸಂಸ್ಥೆಗಳು ನಮ್ಮ ಬಳ್ಳಾರಿ ರಸ್ತೆಯ ಆಸುಪಾಸಿನಲ್ಲೇ ಇವೆ. ದೇಶದ ಮೂಲೆ ಮೂಲೆಯಿಂದ ಜನ ಇಲ್ಲಿಗೆ ಬರುತ್ತಾರೆ, ಇಲ್ಲಿನ ಮಕ್ಕಳು ಗೇಟಿನ ಮುಂದೆಯೇ ಬಸ್ಸಿನಲ್ಲಿ ಹೋಗುತ್ತಿರುತ್ತಾರೆ. ಓದುವಾಗಲೇ ಸ್ಟೈಪೆಂಡ್ ಬರುತ್ತದೆ. ಸೀಟುಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಇಂಟರ್‌ವ್ಯೂನಲ್ಲಿ ಕಂಠಪಾಠ ನಡೆಯುವುದಿಲ್ಲ, "ನಿನಗೆ ಏಕೆ ಹಾಗೆ ಅನ್ನಿಸಿತು?" ಎಂದು ಬೆನ್ನು ಹತ್ತುತ್ತಾರೆ.

ಮನಸ್ಸು ಗಟ್ಟಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಬೇಸಿಗೆಯಲ್ಲಿ ಎರಡು ತಿಂಗಳು ಒಂದು ಲ್ಯಾಬಿನಲ್ಲಿ ಕಳೆಯಿರಿ. ಬೆಂಗಳೂರಿನಲ್ಲೇ ಇರುವ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಪ್ರತಿವರ್ಷ ಸಮ್ಮರ್ ಫೆಲೋಶಿಪ್ ಕೊಡುತ್ತದೆ. ಬಿ.ಎಸ್ಸಿ. ಮಕ್ಕಳೂ ಅರ್ಜಿ ಹಾಕಬಹುದು. ಮಾವನ ಮಗಳಿಗೆ ನಾನು ಮೊದಲು ಮಾಡಿಸಿದ ಕೆಲಸ ಇದೇ. ವಾಪಸ್ ಬಂದವಳು, "ಅಕ್ಕಾ, ಇಲಿ ಹಿಡಿಯೋ ಕೆಲಸ ನನ್ನಿಂದ ಆಗಲ್ಲ. ಜೀವಕೋಶ ಬೆಳೆಸೋ ಸೆಲ್ ಕಲ್ಚರ್ ಆಗುತ್ತೆ" ಅಂದಳು. ಇಷ್ಟು ಗೊತ್ತಾಗಲು ಕೆಲವರಿಗೆ ಪಿಎಚ್‌.ಡಿ. ಎರಡನೇ ವರ್ಷ ಆಗಬೇಕು.

ಒಂದೇ ಕೆಲಸಕ್ಕೆ ತಯಾರು ಮಾಡುವ ಕೋರ್ಸುಗಳು

ಇವುಗಳ ಬಗ್ಗೆ ಎರಡೇ ಮಾತು. ಕ್ಲಿನಿಕಲ್ ಎಂಬ್ರಿಯಾಲಜಿ, ಅಂದರೆ ಭ್ರೂಣದ ಓದು, ಐವಿಎಫ್ (ಪ್ರನಾಳ ಶಿಶು) ಕೇಂದ್ರಗಳಿಗೆ. ಕೃತಕ ಗರ್ಭಧಾರಣೆಯ 2021ರ ಕಾಯ್ದೆ ಬಂದ ಮೇಲೆ ಅಲ್ಲಿ ಎಂಬ್ರಿಯಾಲಜಿಸ್ಟ್‌ಗೆ ಇಂಥ ಓದು ಇರಲೇಬೇಕು ಎಂದಾಗಿದೆ, ಹಾಗಾಗಿ ಕೋರ್ಸಿಗೆ ಬೆಲೆ ಬಂದಿದೆ. ಮಣಿಪಾಲದಲ್ಲಿ ಇದೆ, ಫೀಸು ಜಾಸ್ತಿ. ಮೆಡಿಕಲ್ ಲ್ಯಾಬ್ ಟೆಕ್ನಾಲಜಿ, ಅಂದರೆ ಎಂಎಲ್‌ಟಿ, ಗಲ್ಫ್‌ಗೆ ಹೋಗುವವರ ದಾರಿ. ಕರಾವಳಿಯ ಎಷ್ಟೋ ಮನೆಗಳಲ್ಲಿ ಡೇಟಾಫ್ಲೋ (ಸರ್ಟಿಫಿಕೇಟುಗಳ ತಪಾಸಣೆ), ಪ್ರೊಮೆಟ್ರಿಕ್ (ಲೈಸೆನ್ಸ್ ಪರೀಕ್ಷೆ) ಎನ್ನುವ ಪದಗಳು ಮನೆಮಾತು. ಅಲ್ಲಿನ ಲೈಸೆನ್ಸಿಗೆ ಬಿ.ಎಸ್ಸಿ.ಯೂ ಲ್ಯಾಬ್ ಟೆಕ್ನಾಲಜಿಯದೇ ಆಗಿದ್ದು, ಜೊತೆಗೆ ಆಸ್ಪತ್ರೆ ಅನುಭವ ಇದ್ದರೆ ಸಲೀಸು. ಸಾದಾ ಬಯೋಕೆಮಿಸ್ಟ್ರಿ ಓದಿ ಗಲ್ಫ್ ಕನಸು ಕಂಡರೆ ಕಷ್ಟ.

ವಿದೇಶದ ಲೆಕ್ಕ

ದೂರದ ಬೆಟ್ಟ ಅಂತ ಹೆದರಿಸಲು ಹೊರಟಿಲ್ಲ. ಹೋಗಿ ಚೆನ್ನಾಗಿರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಒಂದೊಂದು ದೇಶದ್ದು ಒಂದೊಂದು ಲೆಕ್ಕ.

ಬ್ರಿಟನ್‌ನಲ್ಲಿ ಎಂ.ಎಸ್ಸಿ. ಒಂದೇ ವರ್ಷ. ಏಜೆಂಟರು ಹೆಚ್ಚು ಮಾರುವುದೂ ಇದನ್ನೇ. ವಿದೇಶಿ ವಿದ್ಯಾರ್ಥಿಗೆ ಹೆಸರಿರುವ ವಿಶ್ವವಿದ್ಯಾಲಯಗಳಲ್ಲಿ ಫೀಸು ಸಾಮಾನ್ಯವಾಗಿ 25 ಸಾವಿರ ಪೌಂಡಿನ ಮೇಲೆ. ಊಟ, ಬಾಡಿಗೆ, ವೀಸಾ ಸೇರಿಸಿದರೆ ನಮ್ಮ ಲೆಕ್ಕದಲ್ಲಿ 40 ಲಕ್ಷದ ಸುತ್ತಮುತ್ತ. ಅಷ್ಟನ್ನೂ ಸಾಲ ಮಾಡಿ, ಶೇ 10.5 ಬಡ್ಡಿಗೆ ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 54 ಸಾವಿರ. ಓದುವಾಗ ಏರುವ ಬಡ್ಡಿ ಇದರಲ್ಲಿ ಸೇರಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಹೊಸಬರಿಗೆ ಸಿಗುವ ಸಂಬಳ, ನಾನು ಕಂಡ ಹಾಗೆ, ಆ ಕಂತಿಗಿಂತ ಕಡಿಮೆ. ಅಲ್ಲೇ ಕೆಲಸ ಸಿಕ್ಕರೆ ಮಾತ್ರ ಈ ಲೆಕ್ಕ ಕೂಡುತ್ತದೆ.

ಅಲ್ಲೇ ಕೆಲಸ ಸಿಗುತ್ತದೆಯೇ? ಓದಿದ ಮೇಲೆ ಉಳಿದು ಕೆಲಸ ಹುಡುಕುವ ಗ್ರಾಜುಯೇಟ್ ರೂಟ್ ವೀಸಾ ಎರಡು ವರ್ಷದ್ದಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. 2026ರ ಸೆಪ್ಟೆಂಬರ್‌ನಲ್ಲಿ ಸೇರುವವರು ಈ ಕಡಿಮೆ ಅವಧಿಗೇ ಬರುತ್ತಾರೆ. ಆಮೇಲೆ ಕೆಲಸದ ವೀಸಾಕ್ಕೆ ಕಂಪನಿ ಕೊಡಬೇಕಾದ ಸಂಬಳದ ಸಾಮಾನ್ಯ ಮಿತಿಯನ್ನು 2025ರ ಜುಲೈನಲ್ಲಿ ವರ್ಷಕ್ಕೆ 41,700 ಪೌಂಡಿಗೆ ಏರಿಸಿದ್ದಾರೆ. ಹೊಸಬರಿಗೆ ಸ್ವಲ್ಪ ರಿಯಾಯಿತಿ ಇದೆ. ಲ್ಯಾಬಿನ ಮೊದಲ ಕೆಲಸದಲ್ಲಿ ಆ ಮಟ್ಟ ಮುಟ್ಟುವುದು ಸುಲಭವಲ್ಲ.

ಇನ್ನೊಂದು ವಿಷಯವನ್ನು ಏಜೆಂಟರು ಬಾಯಿ ಬಿಡುವುದಿಲ್ಲ. ಬ್ರಿಟನ್‌ನಲ್ಲಿ 'ಬಯೋಮೆಡಿಕಲ್ ಸೈಂಟಿಸ್ಟ್' ಎನ್ನುವುದು ಕಾನೂನಿನ ರಕ್ಷಣೆ ಇರುವ ಪದವಿನಾಮ. ಎಚ್‌ಸಿಪಿಸಿ ಎಂಬ ಸಂಸ್ಥೆಯಲ್ಲಿ ನೋಂದಣಿ ಆಗದೆ ಅದನ್ನು ಬಳಸುವ ಹಾಗಿಲ್ಲ, ಅಲ್ಲಿನ ಸರ್ಕಾರಿ ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿ ಆ ಹುದ್ದೆಯೂ ಸಿಗುವುದಿಲ್ಲ. ಒಂದು ವರ್ಷದ ಎಂ.ಎಸ್ಸಿ. ಮಾಡಿದ ಮಾತ್ರಕ್ಕೆ ಈ ನೋಂದಣಿ ಆಗುವುದಿಲ್ಲ. ಒಪ್ಪಿಗೆ ಪಡೆದ ಲ್ಯಾಬಿನಲ್ಲಿ ತರಬೇತಿ ಮುಗಿಸಿ ಪೋರ್ಟ್‌ಫೋಲಿಯೊ ಒಪ್ಪಿಸಬೇಕು. ತಮಾಷೆ ಎಂದರೆ, ಇಲ್ಲೇ ಎಂಎಲ್‌ಟಿ ಓದಿ, ಒಳ್ಳೆಯ ಆಸ್ಪತ್ರೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದವರು ಇಲ್ಲಿಂದಲೇ ಆ ನೋಂದಣಿಗೆ ಅರ್ಜಿ ಹಾಕಬಹುದು. 40 ಲಕ್ಷ ಬೇಕಾಗಿಲ್ಲ.

ಜರ್ಮನಿ ಬೇರೆ ಥರ. ಎರಡು ವರ್ಷ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಪ್ರತಿ ಸೆಮಿಸ್ಟರಿಗೆ ಒಂದಿಷ್ಟು ನೂರು ಯೂರೊ ಕಟ್ಟಬೇಕು ಅಷ್ಟೇ. ಎಲ್ಲ ಕಡೆ ಉಚಿತ ಎಂದು ನಂಬಬೇಡಿ. ಹೈಡೆಲ್‌ಬರ್ಗ್, ಉಲ್ಮ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥವರಿಂದ ಸೆಮಿಸ್ಟರಿಗೆ 1,500 ಯೂರೊ ತೆಗೆದುಕೊಳ್ಳುತ್ತದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರಿಂದ ಅದಕ್ಕಿಂತ ಜಾಸ್ತಿ ಕೇಳುತ್ತದೆ. ಕೆಲವು ಕಡೆ ಮಾಲಿಕ್ಯುಲರ್ ಮೆಡಿಸಿನ್ ಇಂಗ್ಲಿಷಿನಲ್ಲೇ ಓದಬಹುದು.

ಜರ್ಮನಿಗೆ ಹೋಗುವವರು ಮೊದಲು ನಮ್ಮ ಓದಿನ ದಾಖಲೆಗಳು ಸರಿ ಇವೆ ಎನ್ನುವ ಎಪಿಎಸ್ ಎಂಬ ಪ್ರಮಾಣಪತ್ರ ಮಾಡಿಸಬೇಕು, 2022ರ ನವೆಂಬರ್‌ನಿಂದ ಕಡ್ಡಾಯ. ಅದು ಕೈಗೆ ಬರಲು ವಾರಗಟ್ಟಲೆ ಹಿಡಿಯುತ್ತದೆ. ಹಾಗೇ 11,904 ಯೂರೊಗಳನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ಮಾವ ಈ ಮೊತ್ತ ಕೇಳಿ ಬೆಚ್ಚಿಬಿದ್ದರು. ಅದು ಫೀಸಲ್ಲ ಮಾವ, ನಿಮ್ಮದೇ ದುಡ್ಡು, ತಿಂಗಳಿಗೆ 992ರಂತೆ ಅವಳ ಖರ್ಚಿಗೇ ಬರುತ್ತೆ ಎಂದು ಬಿಡಿಸಿ ಹೇಳಬೇಕಾಯಿತು. ತೊಡಕು ಇರುವುದು ಬೇರೆ ಕಡೆ. ಬಿ.ಎಸ್ಸಿ.ಯಲ್ಲಿ ಇಂಥ ವಿಷಯಕ್ಕೆ ಇಷ್ಟು ಕ್ರೆಡಿಟ್ ಇರಲೇಬೇಕು ಎಂದು ಅವರು ಅಳೆದು ನೋಡುತ್ತಾರೆ. ನಮ್ಮ ಮೂರು ವಿಷಯದ ಬಿ.ಎಸ್ಸಿ. ಕೆಲವೊಮ್ಮೆ ಆ ಅಳತೆಗೆ ಬರುವುದಿಲ್ಲ. ಕೆಲಸಕ್ಕೆ ಜರ್ಮನ್ ಭಾಷೆ ಬೇಕು. ಲ್ಯಾಬಿನೊಳಗೆ ಇಂಗ್ಲಿಷಿನಲ್ಲಿ ನಡೆದೀತು, ಬಾಡಿಗೆ ಮನೆ ಹುಡುಕುವಾಗ ನಡೆಯುವುದಿಲ್ಲ.

ಅಮೆರಿಕದ ವಿಷಯದಲ್ಲಿ ಒಂದು ಎಚ್ಚರಿಕೆ. ಅಲ್ಲಿ 'ಮಾಸ್ಟರ್ಸ್ ಇನ್ ಬಯೋಮೆಡಿಕಲ್ ಸೈನ್ಸಸ್' ಎಂದು ಕಾಣುವ ಎಷ್ಟೋ ಕೋರ್ಸುಗಳು ಅಲ್ಲಿನ ಮೆಡಿಕಲ್ ಸ್ಕೂಲಿಗೆ ಸೇರಬೇಕೆನ್ನುವ ಅಲ್ಲಿನದೇ ಮಕ್ಕಳಿಗಾಗಿ ಇರುವಂಥವು. ಅಂಕ ಸ್ವಲ್ಪ ಕಡಿಮೆ ಇದ್ದವರು ಒಂದು ವರ್ಷ ಕಷ್ಟದ ಕ್ಲಾಸುಗಳಲ್ಲಿ ಪಾಸಾಗಿ ತಮ್ಮ ಅರ್ಜಿಯನ್ನು ಗಟ್ಟಿ ಮಾಡಿಕೊಳ್ಳುತ್ತಾರೆ. ಲ್ಯಾಬ್ ಕೆಲಸ ಅಲ್ಲಿ ಕಡಿಮೆ ಅಥವಾ ಇಲ್ಲವೇ ಇಲ್ಲ. ವಿದೇಶದವರನ್ನು ಅಲ್ಲಿನ ಮೆಡಿಕಲ್ ಸ್ಕೂಲುಗಳು ತೆಗೆದುಕೊಳ್ಳುವುದೇ ಅಪರೂಪ. ಹಾಗಿರುವಾಗ ನಮ್ಮ ಹುಡುಗಿ ಅಲ್ಲಿ ಹೋಗಿ ಮಾಡುವುದೇನು? ಅಮೆರಿಕಕ್ಕೇ ಹೋಗಬೇಕೆಂದರೆ ನೇರ ಪಿಎಚ್‌.ಡಿ.ಗೆ ಅರ್ಜಿ ಹಾಕುವುದು ಮೇಲು. ಫೀಸು ಅವರದೇ, ಸ್ಟೈಪೆಂಡೂ ಅವರದೇ. ಥೀಸಿಸ್ ಇರುವ ಎಂ.ಎಸ್. ಮಾಡಿದರೆ ಓದಿದ ಮೇಲೆ ಅಲ್ಲೇ ಕೆಲಸ ಮಾಡಲು ಬಿಡುವ ಓಪಿಟಿಯಲ್ಲಿ 12 ತಿಂಗಳು, ವಿಜ್ಞಾನ ವಿಷಯಕ್ಕೆ ಇನ್ನೂ 24 ತಿಂಗಳು ಕೆಲಸ ಮಾಡಬಹುದು. 2025ರ ಸೆಪ್ಟೆಂಬರ್‌ನಲ್ಲಿ ಎಚ್-1ಬಿ ಕೆಲಸದ ವೀಸಾದ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದ ಮೇಲೆ ಅದರ ಆಚೆಗಿನ ದಾರಿ ಮಂಜು ಮಂಜು.

ಸಾಲ ಇಲ್ಲದೆ ಹೋಗುವ ದಾರಿಗಳೂ ಇವೆ. ಯುರೋಪಿನ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಸಿಕ್ಕರೆ ಫೀಸಿಲ್ಲ, ತಿಂಗಳಿಗೆ 1,400 ಯೂರೊ ಕೈಗೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ನಮ್ಮ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ಏಜೆಂಟರಿಗೆ ಇದರಿಂದ ಕಮಿಷನ್ ಬರುವುದಿಲ್ಲ, ಆದ್ದರಿಂದ ನೀವೇ ಹುಡುಕಿಕೊಳ್ಳಬೇಕು.

ನಾನು ಅಳೆಯುವ ಕೋಲು

ಇಷ್ಟು ದಾರಿಗಳನ್ನು ಹೋಲಿಸುವಾಗ ನಾನು ನೋಡುವುದು ಒಂದೇ: ನಿಮ್ಮ ಸ್ವಂತ ಪ್ರಾಜೆಕ್ಟಿಗೆ ಎಷ್ಟು ತಿಂಗಳು ಸಿಗುತ್ತದೆ? ಕ್ಲಾಸ್ ಪ್ರಾಕ್ಟಿಕಲ್ ಲೆಕ್ಕಕ್ಕಿಲ್ಲ. ಅಲ್ಲಿ ಎಂಟು ಜನ ಒಂದು ಮೈಕ್ರೋಪಿಪೆಟ್ ಸುತ್ತ ನಿಂತಿರುತ್ತಾರೆ.

ಇಂಟರ್‌ವ್ಯೂನಲ್ಲಿ ನಾನು ಎಲ್ಲರಿಗೂ ಕೇಳುವ ಪ್ರಶ್ನೆ, "ಪಿಸಿಆರ್ ಬರದೇ ಇದ್ದ ದಿನ ಏನು ಮಾಡಿದಿರಿ?" ಪಿಸಿಆರ್ ಅಂದರೆ ಡಿಎನ್‌ಎಯ ಒಂದು ತುಣುಕನ್ನು ಯಂತ್ರದಲ್ಲಿ ಲಕ್ಷಗಟ್ಟಲೆ ನಕಲು ಮಾಡುವುದು. ಕೈಯಾರೆ ಮಾಡಿದವರು ನಗುತ್ತಾರೆ. ಪ್ರೈಮರ್ ಬದಲಾಯಿಸಿದ್ದು, ತಾಪಮಾನ ಎರಡು ಡಿಗ್ರಿ ಇಳಿಸಿದ್ದು, ಕೊನೆಗೆ ನೋಡಿದರೆ ಡಿಎನ್‌ಎಯೇ ಹಾಳಾಗಿದ್ದು, ಎಲ್ಲ ಹೇಳುತ್ತಾರೆ. ಮಾಡದವರು, "ಮೇಡಂ, ಸರ್ ಮಾಡಿ ತೋರಿಸಿದ್ರು" ಅನ್ನುತ್ತಾರೆ. ಯಾವ ಕಾಲೇಜು ಎಂದು ಆಮೇಲೆ ನೋಡುತ್ತೇನೆ.

ಈ ಕೋಲಿನಿಂದ ಅಳೆದರೆ ಚಿತ್ರ ಬದಲಾಗುತ್ತದೆ. ಬ್ರಿಟನ್‌ನ ಒಂದು ವರ್ಷದ ಕೋರ್ಸಿನಲ್ಲಿ ಪ್ರಾಜೆಕ್ಟಿಗೆ ಸಿಗುವುದು ಹೆಚ್ಚೆಂದರೆ ಮೂರು ನಾಲ್ಕು ತಿಂಗಳು. ಅಲ್ಲೇ ಎಂ.ರೆಸ್. ಎನ್ನುವ ಇನ್ನೊಂದು ಪದವಿ ಇದೆ, ಅದರಲ್ಲಿ ವರ್ಷದ ಬಹುಪಾಲು ಲ್ಯಾಬಿನಲ್ಲೇ. ಹೋಗುವುದಾದರೆ ಅದಕ್ಕೆ ಹೋಗಿ. ಜರ್ಮನಿಯಲ್ಲಿ ಥೀಸಿಸ್ಸಿಗೆ ಆರು ತಿಂಗಳು, ಅದಕ್ಕೂ ಮೊದಲು ಬೇರೆ ಬೇರೆ ಲ್ಯಾಬುಗಳಲ್ಲಿ ಕೆಲವು ವಾರಗಳ ಕೆಲಸ. ಇಂಟಿಗ್ರೇಟೆಡ್ ಪಿಎಚ್‌.ಡಿ.ಯಲ್ಲಿ ಕೇಳುವುದೇ ಬೇಡ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಒಂದೊಂದು ವಿಭಾಗ ಒಂದೊಂದು ಥರ. ಕೆಲವು ಕಡೆ ನಾಲ್ಕನೇ ಸೆಮಿಸ್ಟರ್ ಪೂರ್ತಿ ಬಿಟ್ಟುಕೊಡುತ್ತಾರೆ, ಹೊರಗಿನ ಸಂಸ್ಥೆಗೂ ಕಳಿಸುತ್ತಾರೆ. ಕೆಲವು ಕಡೆ ಪ್ರಾಜೆಕ್ಟ್ ಎಂದರೆ ಬೈಂಡಿಂಗ್ ಅಂಗಡಿಯ ಕೆಲಸ.

ಮೆಡಿಕಲ್ ಕಾಲೇಜಿನಲ್ಲಿ ಮೂರು ವರ್ಷ ಇದೆಯಲ್ಲ, ಸಮಯ ಬೇಕಾದಷ್ಟು ಎಂದು ನಾನೂ ಅಂದುಕೊಂಡಿದ್ದೆ. ನಾನು ಓದಿದ ಕಡೆ ಗೈಡ್ ಕೈಕೆಳಗೆ ಎಂ.ಡಿ. ಮಾಡುವವರು ಮೂವರಿದ್ದರು. ಕಿಟ್ ಬಂದರೆ ಮೊದಲು ಅವರಿಗೆ. ರಕ್ತದಲ್ಲಿನ ಪ್ರೋಟೀನ್ ಅಳೆಯುವ ನನ್ನ ಎಲೈಸಾ ಕಿಟ್ ಬಂದಿದ್ದು ಥೀಸಿಸ್ ಒಪ್ಪಿಸಲು ಎಂಟು ವಾರ ಇರುವಾಗ. ತೊಂಬತ್ತಾರು ಗುಂಡಿಯ ಆ ಒಂದು ಪ್ಲೇಟನ್ನು ಕೈ ನಡುಗಿಸಿಕೊಂಡು ಮಾಡಿದ್ದೆ, ಎರಡನೇ ಅವಕಾಶ ಇರಲಿಲ್ಲ. 2020ರ ಕೊನೆಯಲ್ಲಿ ಕೆಲಸ ಬಿಟ್ಟು ಕೋವಿಡ್ ಲ್ಯಾಬಿಗೆ ಸೇರಿದಾಗ ಪಿಪೆಟ್ ಹಿಡಿಯುವುದನ್ನು ನನಗಿಂತ ಆರು ವರ್ಷ ಚಿಕ್ಕ ಹುಡುಗನಿಂದ ಕಲಿತೆ. ಹಾಗಾಗಿ ಪ್ರಾಸ್ಪೆಕ್ಟಸ್ ಓದಿದರೆ ಸಾಲದು. ಆ ವಿಭಾಗದಲ್ಲಿ ಈಗ ಕೊನೆಯ ವರ್ಷ ಓದುತ್ತಿರುವ ಒಬ್ಬರನ್ನು ಹಿಡಿದು ಕೇಳಿ: ಪ್ರಾಜೆಕ್ಟ್ ಎಲ್ಲಿ ಮಾಡುತ್ತಿದ್ದೀರಿ, ಕೆಮಿಕಲ್ ದುಡ್ಡು ಯಾರದು, ಮೇಲಿನ ಬ್ಯಾಚಿನವರು ಈಗ ಎಲ್ಲಿದ್ದಾರೆ? ಕ್ಯಾಂಟೀನಿನಲ್ಲಿ ಹತ್ತು ನಿಮಿಷ ಸಾಕು.

ಒಂದು ಮಾತು ಬಿಟ್ಟುಹೋಗಿತ್ತು. ಲ್ಯಾಬ್ ಕೆಲಸವೇ ಬೇಡ, ಒಂದು ಒಳ್ಳೆಯ ಆಫೀಸ್ ಕೆಲಸ ಸಾಕು ಎನ್ನುವವರೂ ಇದ್ದಾರೆ, ಅದು ತಪ್ಪಲ್ಲ. ಬೆಂಗಳೂರಿನಲ್ಲಿ ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ಫಾರ್ಮಕೊವಿಜಿಲೆನ್ಸ್, ಕ್ಲಿನಿಕಲ್ ಟ್ರಯಲ್ ಡೇಟಾ, ಮೆಡಿಕಲ್ ರೈಟಿಂಗ್, ಇವುಗಳಲ್ಲಿ ಲೈಫ್ ಸೈನ್ಸ್ ಎಂ.ಎಸ್ಸಿ.ಯವರಿಗೆ ಕೆಲಸ ಸಿಗುತ್ತದೆ. ಅದಕ್ಕೆ ಕಡಿಮೆ ಖರ್ಚಿನ ಯಾವ ಎಂ.ಎಸ್ಸಿ.ಯಾದರೂ ನಡೆಯುತ್ತದೆ. ಇಂಗ್ಲಿಷ್ ಬರವಣಿಗೆ ಚೆನ್ನಾಗಿರಬೇಕು. ಜೀನ್ ಡೇಟಾ ಜೊತೆ ಕೆಲಸ ಮಾಡುವ ಆಸೆ ಇದ್ದರೆ ಪೈಥಾನ್ ಅಥವಾ ಆರ್ ಎನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತಿರಿ. ಸ್ಟ್ರಾಂಡ್, ಮೆಡ್‌ಜೀನೋಮ್‌ನಂಥ ಕಂಪನಿಗಳು ಇರುವುದು ಇದೇ ಊರಿನಲ್ಲಿ.

ಮಾವನ ಮಗಳು ಕೊನೆಗೆ ನಮ್ಮ ರಾಜ್ಯದ್ದೇ ಒಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಬಯೋಕೆಮಿಸ್ಟ್ರಿಗೆ ಸೇರಿದಳು. ಕಾರಣ ಎರಡೇ. ಫೀಸಿಗೆ ಸಾಲ ಬೇಕಾಗಲಿಲ್ಲ, ಕೊನೆಯ ಸೆಮಿಸ್ಟರನ್ನು ಹೊರಗೆ ಮಾಡಲು ಬಿಡುತ್ತಾರೆ ಎಂದು ಸೀನಿಯರ್ ಒಬ್ಬಳು ಹೇಳಿದ್ದಳು. ಈಗ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಸ್ತನ ಕ್ಯಾನ್ಸರ್ ಜೀವಕೋಶಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಮೊನ್ನೆ ಮಾವ ಮತ್ತೆ ಫೋನ್ ಮಾಡಿದ್ದರು.

"ಭಾನುವಾರಾನೂ ಲ್ಯಾಬಿಗೆ ಹೋಗ್ತಾಳಂತೆ. ಅದ್ಯಾವುದೋ ಸೆಲ್ಸ್‌ಗೆ ಊಟ ಹಾಕಬೇಕಂತೆ. ಏನಮ್ಮ ಅದು?"

ಮೀಡಿಯಾ, ಅಂದ್ರೆ ಅವು ಬೆಳೆಯೋ ಪೋಷಕ ದ್ರವ, ಬದಲಾಯಿಸೋದು ಮಾವ, ಎರಡು ಮೂರು ದಿನಕ್ಕೊಮ್ಮೆ ಮಾಡದೇ ಇದ್ರೆ ಸತ್ತುಹೋಗ್ತವೆ, ಅಂದೆ.

"ಓ, ಕೊಟ್ಟಿಗೆ ಕೆಲಸ ಅನ್ನು" ಅಂದರು. ಆ ದಿನ ಅವರಿಗೆ ವಿಷಯ ಪೂರ್ತಿ ಅರ್ಥವಾಯಿತು.